ಸನ್ನೆಕೋಲು

ಗುನ್ಸಾನ್ ಬಂದರಿನ ಹಿಂದೆ, ಎರಡನೇ ಮಹಡಿಯ ಪಿಸಿ ಬಾಂಗಿನಲ್ಲಿ
ರಾತ್ರಿ ಪಾಳಿ ನನ್ನದು.
ಹದಿನೇಳನೇ ಕುರ್ಚಿ ದೊಕ್ಸು ಮಾಮನದು.
ಹಡಗುಕಟ್ಟೆ ಮುಚ್ಚುವ ಮುಂಚೆ ಅಲ್ಲಿ ಮೇಸ್ತ್ರಿಯಾಗಿದ್ದನಂತೆ.

ಆಟದ ಕೊನೆಗೆ ಇಬ್ಬರು ಖಳರು:
ಊರು ಸುಟ್ಟವನೊಬ್ಬ, ಬಾವಿಗೆ ವಿಷ ಹಾಕಿದವಳೊಬ್ಬಳು.
ಪೆಟ್ಟು ಬಿದ್ದಷ್ಟೂ ರೊಚ್ಚಿಗೇಳುವ ಜಾತಿಯಲ್ಲ.
ಅವನು ಕುಸಿದರೆ ಇವಳು ಕತ್ತಿ ಕೆಳಗಿಟ್ಟು
ಪಕ್ಕದಲ್ಲಿ ಕೂತು ರೊಟ್ಟಿ ಮುರಿಯುತ್ತಾಳೆ,
ಏನೋ ಹಳೇ ಜೋಕು ಹೇಳುತ್ತಾಳೆ, ಅವನು ನಗುತ್ತಾನೆ,
ಇಬ್ಬರ ಕೆಂಪು ಗೆರೆಯೂ ತುಂಬಿಬಿಡುತ್ತದೆ.
ನಮ್ಮ ನಾಯಕ, ಪಾಪ, ಒಬ್ಬಂಟಿ.

ಗೆಲ್ಲುವ ದಾರಿ ಒಂದೇ: ಎಡಗಡೆಯ ಸನ್ನೆಕೋಲು ಎಳೆದು
ಸೇತುವೆ ಬೀಳಿಸಿ
ಆಚೆಗೊಬ್ಬರು ಈಚೆಗೊಬ್ಬರು ಮಾಡಬೇಕು.
ಮಾಮ ಎಳೆಯುವುದಿಲ್ಲ.
ಸಾವಿರ ವಾನ್ ಕೊಟ್ಟು ಸೋಲುತ್ತಾನೆ, ಮತ್ತೆ ಸಾವಿರ.

ನಿನ್ನೆ ರಾಮ್ಯೊನ್ ಬಟ್ಟಲು ಇಡುತ್ತಾ ಹೇಳಿಯೇಬಿಟ್ಟೆ:
"ಸನ್ನೆಕೋಲು ಅಲ್ಲೇ ಇದೆ, ಮಾಮ."
"ಗೊತ್ತು" ಅಂದ, ಪರದೆಯಿಂದ ಕಣ್ಣು ಕೀಳದೆ.
"ಕೆಲಸ ಬಿಡಿಸೋ ಪಟ್ಟಿಗೆ ರುಜು ಹಾಕಿದವನು ನಾನೇ.
ಮೊದಲ ಹೆಸರು ಸಂಗ್‌ಪಿಲ್‌ದು.
ತಡಿ,
ಜೋಕು ಹೇಳ್ತಿದ್ದಾಳೆ."