ಕೈ ಕಟ್ಟು

ಹಾಸನ, ಸಾಲಗಾಮೆ ರಸ್ತೆ. ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ
ಕಿಟಕಿಗೆ ಹಾಸ್ಟೆಲಿನ ಕಂಬಳಿ ಕಟ್ಟಿ ಕತ್ತಲು ಮಾಡಿಕೊಂಡೆವು.
ಇಲ್ಲದಿದ್ದರೆ ಬೆಳಕಿನ ಗುಂಡಿಗೆ
ಹತ್ತು ಗಂಟೆಯ ಬಿಸಿಲಿಗೇ ಕರಗಿಹೋಗುತ್ತಿತ್ತು.

ನನ್ನ ಕೆಲಸ ಇಷ್ಟೇ: ನೋಡುವುದು, ಗೀಟು ಹಾಕುವುದು.
ಎಷ್ಟು ಸಲ ತಪ್ಪಿದರು, ಎಷ್ಟು ಸೆಕೆಂಡು ಹಿಡಿಯಿತು,
ತೋಳು ಸೋತು ಯಾವಾಗ ಕೆಳಗಿಳಿಯಿತು.
ಯಂತ್ರಕ್ಕೆ ಗೊತ್ತಿದ್ದದ್ದು ಐದು ಸನ್ನೆ.
ಅಂಗೈ ತೋರಿದರೆ ನಿಲ್ಲು, ಚಿವುಟಿದರೆ ಹಿಗ್ಗು,
ಬೀಸಿದರೆ ಮುಂದಿನ ಪಾಠ.
ಇನ್ನೆರಡು ನನಗೇ ನೆನಪಿರುತ್ತಿರಲಿಲ್ಲ.

ಮೊದಲು ಬಂದವಳು ಜಬೀನಾ, ಏಳನೇ ಕ್ಲಾಸು.
ಅವಳಮ್ಮ ಎಪಿಎಂಸಿಯಲ್ಲಿ ಆಲೂಗೆಡ್ಡೆ ಆರಿಸುತ್ತಾಳಂತೆ.
ಗಾಳಿಯಲ್ಲಿ ಮಿಡಿಯುತ್ತಿದ್ದ ಗುಂಡಿಗೆಯನ್ನು ಇವಳೂ
ಕೊಳೆತಿದೆಯೇ ಎಂದು ಹೆಬ್ಬೆರಳಲ್ಲಿ ಒತ್ತಿ ನೋಡಿದಳು.
ಬೆರಳು ಆಚೆ ಬದಿಗೆ ಬಂತು, ಏನೂ ತಾಗದೆ.
ತಿರುಗಿ ಗೆಳತಿಗೆ ಕೈಯಲ್ಲಿ ಹೇಳಿದಳು: ಸುಳ್ಳು ಇದು!
ಯಂತ್ರ ಮುಂದಿನ ಪಾಠಕ್ಕೆ ಹೋಯಿತು.
ಗುಂಡಿಗೆ ಇದ್ದಲ್ಲಿ ಎರಡು ಮೂತ್ರಪಿಂಡ.

ಚಂಪಕಾ ನಕ್ಕು ಏನೋ ಅಂದಳು, ಅವು ಗಿರಗಿರ ತಿರುಗಿದವು.
ಸುಮ್ಮನಿರ್ರೇ ಎಂದು ಹಿಂದಿನ ಬೆಂಚು ಕೈಯೆತ್ತಿದ್ದೇ
ಮೊರದಗಲ ಹಿಗ್ಗಿ, ಬಿರಿದು,
ನರನಾಳವೆಲ್ಲ ಗೋಡೆಗೆ ಚೆಲ್ಲಿತು.
ಮಾತಾಡಿದಷ್ಟೂ ಪಾಠ ಓಡುತ್ತಿತ್ತು.
ನನ್ನ ಹಾಳೆಯಲ್ಲಿ ಗೀಟಿಗೆ ಜಾಗ ಸಾಲಲಿಲ್ಲ.

ಯಂತ್ರ ತಂದಿದ್ದ ಧರಣೇಂದ್ರ, ಒಳ್ಳೆಯ ಹುಡುಗ,
ಕೆಟ್ಟ ಮನಸ್ಸಿಲ್ಲದೆ
ನಮ್ಮನ್ನೆಲ್ಲ ಒಂದನೇ ಕ್ಲಾಸಲ್ಲಿ ಕೂರಿಸಿದ ಮಾತನ್ನೇ
ಮಾಡಿ ತೋರಿಸಿದ:
ಕೈ ಕಟ್ಟು, ಬಾಯಿ ಮುಚ್ಚು.

ಹನ್ನೊಂದು ಮಕ್ಕಳು ಕೈ ಕಟ್ಟಿದರು.
ಎರಡನೆಯದನ್ನು ಬೇರೆ ಹೇಳಬೇಕಾಗಿರಲಿಲ್ಲ.

ಯಂತ್ರ ಸರಿಯಾಯಿತು. ಗುಂಡಿಗೆ ಬಂದು ನಿಂತಿತು.
ಒಬ್ಬೊಬ್ಬರೇ ಎದ್ದು, ಐದು ಸನ್ನೆ ಒಪ್ಪಿಸಿ,
ಮತ್ತೆ ಕೈ ಕಟ್ಟಿ ಕೂತರು.
ತಪ್ಪು: ಸೊನ್ನೆ. ಹಾಗೇ ಬರೆದುಕೊಂಡೆ.

ಒಂಬತ್ತನೆಯ ಪ್ರಶ್ನೆ: ಬಳಸಲು ಸುಲಭವೇ?
ಹೌದು, ಇಲ್ಲ, ಎರಡು ಚೌಕ.
ಎಲ್ಲರೂ ಹೌದಿಗೆ ಗುರುತು ಹಾಕಿದರು.
ಜಬೀನಾ ಪೆನ್ನು ಕೆಳಗಿಟ್ಟಳು.
ಎರಡೂ ಕೈ ಎದೆಯ ಮುಂದೆ ತಂದು
ನನ್ನ ಮುಖ ನೋಡುತ್ತಲೇ ಉದ್ದಕ್ಕೆ ಏನೋ ಹೇಳತೊಡಗಿದಳು.
ನನಗೆ ಆ ಭಾಷೆ ಬಾರದು.
ಅವಳ ಹಿಂದೆ ಗುಂಡಿಗೆ ತೆರೆಯಿತು, ಮುಚ್ಚಿತು,
ಕಾಳಿನಷ್ಟಾಯಿತು, ಕೋಣೆಯಷ್ಟಾಯಿತು.

ಧರಣೇಂದ್ರ ಸ್ವಿಚ್ಚಿನತ್ತ ಬಾಗಿದ.
ಆರಿಸಬೇಡ, ಹೇಳಲಿ ಬಿಡು ಎಂದು
ಅವನಿಗೆ ಅಂಗೈ ಎತ್ತಿದೆ.

ಗುಂಡಿಗೆ ನಿಂತಿತು.
ಜಬೀನಾಳ ಕೈಯೂ.