ಹದಿನಾಲ್ಕು ಮೊಳ

ದಕ್ಕೆಯಲ್ಲಿ ಇಪ್ಪತ್ತೆರಡು ವರ್ಷ ಮೀನು ಕೊಯ್ದವಳು ನಾನು,
ಹೊಟ್ಟೆ ಅಂದರೆ ಎಂತ ಅಂತ ನನಗೆ ಹೇಳಬೇಡಿ.
ಅಂಜಲಿನ ಕರುಳು ಗಿಡ್ಡ. ತಿನ್ನುವುದು ಮಾಂಸ,
ಮಾಂಸವನ್ನು ಮಾಂಸ ಮಾಡಲು ಎಷ್ಟು ದಾರಿ ಬೇಕು?
ಬೂತಾಯಿ ನೀರಿನ ಪಾಚಿ ಸೋಸಿ ತಿನ್ನುವ ಬಡವಿ,
ಗೇಣುದ್ದದ ಮೈಯೊಳಗೆ ನೂಲಿನ ಹಾಗೆ ಸುತ್ತಿ ಇಟ್ಟಿರುತ್ತದೆ,
ಎಳೆದರೆ ಮೊಳ ದಾಟುತ್ತದೆ.
ತಾಟೆಯದ್ದು ಬೇರೆ ಉಪಾಯ: ಮೋಟು ಕೊಳವೆ,
ಒಳಗೆ ಲೈಟ್‌ಹೌಸಿನ ಸುರುಳಿ ಮೆಟ್ಟಿಲು.
ಏಡಿಗೆ ಹಲ್ಲಿರುವುದು ಹೊಟ್ಟೆಯಲ್ಲಿ.
ನಂಬದವರಿಗೆ ಒಡೆದು ತೋರಿಸಿದ್ದೇನೆ.

ಒಮ್ಮೆ ಅಂಜಲಿನೊಳಗೆ ಬಂಗುಡೆ ಸಿಕ್ಕಿತು,
ತಲೆ ಕರಗಿತ್ತು, ಬಾಲ ಇನ್ನೂ ಫಳಫಳ.
ಅರ್ಧ ಬಂಗುಡೆ, ಅರ್ಧ ಆಗಲೇ ಅಂಜಲ್.
ಗಿರಾಕಿ ಕೇಳಿದ್ದು ಇಷ್ಟೇ: ಇದಕ್ಕೂ ತೂಕ ಹಾಕಿದ್ದೀಯಾ?

ನಮ್ಮವರ ಹೊಟ್ಟೆಯನ್ನು ಮಾತ್ರ ಬೇರೆಯವರು ಕೊಯ್ದರು, ವೆನ್ಲಾಕಿನಲ್ಲಿ.
ಬೋಟಿನಲ್ಲಿರುವಾಗಲೇ ಗಂಟು ಬಿದ್ದ ಕರುಳು,
ದಡಕ್ಕೆ ಬರುವಾಗ ಕಪ್ಪಾಗಿತ್ತಂತೆ.
ಎರಡು ಮೊಳ ತೆಗೆದು ಉಳಿದದ್ದನ್ನು ಹೊಲಿದರು.
ಬಲೆ ಹರಿದರೆ ಇವರೇ ಹೊಲಿಯುವುದು,
ಇದಕ್ಕೆ ಬೇರೆ ಸೂಜಿ.

ಡಾಕ್ಟರ್ ನಫೀಸಾ, ನನ್ನ ಮಗಳ ಪ್ರಾಯ,
ಚೀಟಿಯ ಹಿಂದೆ ಚಿತ್ರ ಬರೆದಳು.
ಅವಳು ಹೇಳಿದ್ದು ಮೀಟರಿನಲ್ಲಿ, ಹದಿನಾಲ್ಕು ಮೊಳ ನನ್ನ ಲೆಕ್ಕ.
ಒಳಗೆ ನುಣ್ಣಗಿಲ್ಲ ಅಕ್ಕ, ಬೈರಾಸಿನ ಹಾಗೆ,
ಲಕ್ಷಗಟ್ಟಲೆ ಎಳೆ ಎದ್ದು ನಿಂತಿರುತ್ತವೆ.
ಅನ್ನ ಸಕ್ಕರೆಯಾಗಿ, ಮೀನು ಸರ ಹರಿದು ಮಣಿ ಮಣಿಯಾಗಿ
ಆ ಎಳೆಗಳಿಂದ ರಕ್ತಕ್ಕೆ ಇಳಿಯುತ್ತದೆ.
ಎಣ್ಣೆಗೆ ಮಾತ್ರ ಬೇರೆ ಓಣಿ,
ಅದೂ ಪಿತ್ತ ಅದನ್ನು ಸೋಪಿನ ಹಾಗೆ ಒಡೆದ ಮೇಲೆ.
ಅಲ್ಲಿವರೆಗೆ ಉಂಡದ್ದು ಹೊರಗೇ ಇದ್ದ ಹಾಗೆ.
ಬಾಯಿಂದ ಕೆಳಗಿನವರೆಗೆ ಬರೀ ಓಣಿ, ಮನೆಯಲ್ಲ.

ಹಾಗಾದರೆ ನುಂಗಿದ್ದೆಲ್ಲ ನಮ್ಮದಲ್ಲ!
ಇಷ್ಟು ವರ್ಷ ಬಡಿಸಿದ್ದೇನೆ,
ಬಾಗಿಲವರೆಗೆ ಬಿಟ್ಟು ಬಂದಿದ್ದೇನೆ ಅಷ್ಟೆ.

ಮತ್ತೆ ಆ ನಾಲ್ಕು ದಿನ.
ವಾಯು ಹೋಯಿತಾ? ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ.
ಮದುವೆಯಾದ ಮೇಲೆ ಇವರಿಗೆ ನಾನು
ಅದೊಂದಕ್ಕೆ ಬೈದಷ್ಟು ಯಾವುದಕ್ಕೂ ಬೈದದ್ದಿಲ್ಲ.
ಈಗ ಅದೇ ಬರಲಿ ಅಂತ ಬೊಬ್ಬರ್ಯನಿಗೆ ಹರಕೆ.

ರಾತ್ರಿ ಹೊಲಿಗೆ ತಪ್ಪಿಸಿ ಕಿವಿ ಇಟ್ಟೆ.
ಜೂನ್ ತಿಂಗಳ ದಕ್ಕೆ ಅದು:
ಬೋಟುಗಳನ್ನು ಸಾಲಾಗಿ ಕಟ್ಟಿದೆ, ಕಾಗೆಗೂ ಕೆಲಸವಿಲ್ಲ.
ಕಿಟಕಿಯಾಚೆ ಲೈಟುಕಂಬದಡಿ ಒಂದು ದನ ಮಲಗಿ
ಹಗಲು ಹೋಟೆಲಿನ ಹಿಂದೆ ತಿಂದ ಬಾಳೆಲೆಯನ್ನು
ವಾಪಸು ತರಿಸಿ ಅಗಿಯುತ್ತಿತ್ತು.
ಪಕ್ಕದ ಬೆಡ್ಡಿನ ಕೊರಗಪ್ಪಣ್ಣ ನಿದ್ದೆಯಿಲ್ಲದವರು,
ಪಶು ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದವರು, ಹೇಳಿದರು:
ಅದು ಒಬ್ಬಳೇ ಉಣ್ಣುವುದಲ್ಲ ಮಾರಾಯ್ತಿ.
ನಾಲ್ಕು ಕೋಣೆ ಉಂಟು, ಕೋಟಿಗಟ್ಟಲೆ ಕಾಣದ ಜೀವ ಉಂಟು.
ಎಲೆಯನ್ನು ಅವು ತಿನ್ನುತ್ತವೆ, ಅವನ್ನು ಇದು.

ಐದನೆಯ ಬೆಳಿಗ್ಗೆ, ಗುಳು.
ಮತ್ತೊಮ್ಮೆ ಗುಳುಗುಳು, ಮಂಜಿಗೆ ತಣ್ಣಗಾದ ಎಂಜಿನ್
ಕೆಮ್ಮಿ ಹಿಡಿದುಕೊಳ್ಳುವ ಹಾಗೆ.
ಮತ್ತೆ, ಇಡೀ ವಾರ್ಡಿಗೆ ಕೇಳುವಷ್ಟು, ಅದು.
ಕೊರಗಪ್ಪಣ್ಣ ಚಪ್ಪಾಳೆ ತಟ್ಟಿದರು.
ಸಿಸ್ಟರ್ ನಗು ತಡೆದು ಕೇಸ್ ಶೀಟಿನಲ್ಲಿ ಬರೆದಳು,
ಲೋಕಯ್ಯ ತಿಂಗಳಾಯ, ಹೊತ್ತು ಆರೂ ಹತ್ತು.
ಇವರು ಗೋಡೆಗೆ ಮುಖ ಮಾಡಿದರು, ಮದುಮಗಳ ಹಾಗೆ.

ಗಂಜಿತಿಳಿ, ಎರಡೇ ಚಮಚ, ಉಪ್ಪು ಚೂರು.
ಗಂಟಲ ಉಂಡೆ ಏರಿ ಇಳಿಯಿತು.
ಅಲ್ಲಿಂದ ಮುಂದೆ ನನಗೆ ಕಾಣುವುದಿಲ್ಲ.
ಹನ್ನೆರಡು ಮೊಳ, ಕತ್ತಲೆ.
ಯಾವ ಮೊಳದಲ್ಲಿ ಗಂಜಿ ಇವರಾಗುತ್ತದೋ.

ಮೊನ್ನೆ ದಕ್ಕೆಗೆ ಹೋದೆ. ಮೊದಲ ಬೂತಾಯಿಯ ಹೊಟ್ಟೆ ಬಿಡಿಸಿ
ನೂಲು ಬೆರಳಿಗೆ ಸುತ್ತಿಕೊಂಡು ಕುಳಿತೆ.
ಎಂತಕ್ಕಾ, ಬೇಗ ಬೇಗ, ಅಂದ ಗಿರಾಕಿ.
ಬೆಕ್ಕು ಕಾಲಿಗೆ ಮೈ ಉಜ್ಜಿತು.
ಅದಕ್ಕೆ ಹಾಕಿದೆ.