ಬರಬೇಕಾದ ಬಾಬ್ತು

ಕಂಪನಿಯ ಲೆಕ್ಕ ಬರೆದವನು ನಾನು, ಬಣ್ಣ ಹಚ್ಚಿದವನಲ್ಲ.
ಇಪ್ಪತ್ತೇಳು ವರ್ಷ ಸೈಡ್ ವಿಂಗಿನ ಮರೆಯಲ್ಲಿ
ತಗಡಿನ ಟ್ರಂಕಿನ ಮೇಲೆ ಖಾತೆ ಬಿಚ್ಚಿ ಕೂತವನು.
ಮುದ್ದರಂಗಪ್ಪನ ಬಗ್ಗೆ ನನಗೆ ಗೊತ್ತಿರುವುದೆಲ್ಲ
ಆಣೆ, ಪೈಗಳಲ್ಲಿ.

ಮಧುಗಿರಿ ಕ್ಯಾಂಪು. ಹಗಲೆಲ್ಲ ಕಾದ ಬೆಟ್ಟ
ರಾತ್ರಿ ಡೇರೆಯೊಳಕ್ಕೆ ಉಸಿರು ಬಿಡುತ್ತಿತ್ತು.
ಮಿಡಿಗೇಶಿ ಕಡೆಯ ಹುಡುಗ, ಒಂಬತ್ತು ವರ್ಷ,
ಅವ್ವನ ಸೆರಗು ಹಿಡಿದು ಬಂದ. ಬರೆದೆ:
ಬಾಲಪಾರ್ಟು. ಊಟ, ಎರಡು ಚಡ್ಡಿ, ಎಂಟಾಣೆ.
ಎಂಟಾಣೆ ಅವ್ವನಿಗೆ, ಊಟ ಅವನಿಗೆ.
ಅಷ್ಟು ಉಣ್ಣುತ್ತಾನೆಂದು ಯಜಮಾನರಿಗೆ ಅಂದಾಜಿರಲಿಲ್ಲ.

ಹದಿನಾರಕ್ಕೆ ಸೀರೆ ಉಟ್ಟ, ರಾಣಿಯಾದ.
ಕೊರಟಗೆರೆಯಲ್ಲಿ ಮಾರನೆ ಬೆಳಿಗ್ಗೆ
ಐದಾರು ಮುತ್ತೈದೆಯರು ಬಿಡಾರಕ್ಕೇ ಬಂದರು,
ರಾಣಿಯಮ್ಮನಿಗೆ ಬಾಗಿನ ಕೊಡಬೇಕಂತೆ.
ರಾಣಿಯಮ್ಮ ಬಾವಿಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದ.
ಮೊರ ವಾಪಸು ಹೋಗಲಿಲ್ಲ.
ಅದರೊಳಗಿನ ಕಣ ರವಿಕೆಯಾಗಿ ಮೂರು ವರ್ಷ ಬಾಳಿತು.
ಹೊಲಿಗೆ ನಾಲ್ಕಾಣೆ, ಕಂಪನಿ ಖರ್ಚು.

ಪಾವಗಡದಲ್ಲಿ ಗಂಡನ ಹೆಣದ ಮುಂದೆ ಹಾಡುವಾಗ
ಎರಡು ಸಾಲು ತೆಲುಗು ಸೇರಿಸಿದ.
ಒನ್ಸ್ ಮೋರ್, ಒನ್ಸ್ ಮೋರ್.
ಪಾಪ, ರಾಜನ ಪಾರ್ಟಿನವನು ಏಳು ಸಲ ಸತ್ತ.
ಆಗಲೇ ಮುಂದಿನ ಕುರ್ಚಿಯಿಂದ ಸಾಹುಕಾರರು ಏಳುವುದು:
ನಮ್ಮ ಅಂಗಡಿ ವತಿಯಿಂದ ಈ ಕಲಾವಿದರಿಗೆ
ಒಂದು ಬೆಳ್ಳಿ ಪದಕ!
ಚಪ್ಪಾಳೆ. ಪರದೆ.
ಬೆಳಿಗ್ಗೆ ಹೋಗಿ ಕೇಳಿದರೆ ಅವರು ಹಿಂದೂಪುರಕ್ಕೆ ಹೋಗಿದ್ದಾರೆ.

ಹೀಗೆ ಕೂಗಿದ ಪದಕ ಹದಿನಾಲ್ಕು.
ಕೈಗೆ ಬಂದದ್ದು ಐದು. ಐದರಲ್ಲಿ ಎರಡು ತಗಡು.
'ಬರ್ಕಳಿ ರೈಟರ್ ಸ್ವಾಮಿ,' ಅನ್ನುತ್ತಿದ್ದ
ಕೊಬ್ಬರಿ ಎಣ್ಣೆಯಲ್ಲಿ ಬಣ್ಣ ಒರೆಸಿಕೊಳ್ಳುತ್ತ,
ಅರ್ಧ ಮುಖ ಇನ್ನೂ ರಾಣಿ,
'ಬರಬೇಕಾದ್ದು ಅಂತ ಬರ್ಕಳಿ. ಜನದ ಮುಂದೆ ಆಡಿದ ಮಾತು,
ಎಲ್ಲಿಗೋಗ್ತದೆ?'
ಅವನ ಸಮಾಧಾನಕ್ಕೆಂದು ಬರೆದೆ. ಹೆಸರು, ಪೇಟೆ, ತಾರೀಖು ಸಮೇತ.

ತಿಪಟೂರಿನಲ್ಲಿ ರಾಣಿ ಪಾರ್ಟಿಗೆ ಹೆಂಗಸೊಬ್ಬಳೇ ಸೇರಿದಳು.
ಇವನಿಗೆ ಮೂವತ್ತೊಂದು, ಸೊಂಟ ದಪ್ಪ.
ನೆರಿಗೆ ಎತ್ತಿ ಸಿಂಹಾಸನದ ಮೆಟ್ಟಿಲು ಹತ್ತುವುದನ್ನು
ಅವಳಿಗೆ ಇವನೇ ಕಲಿಸಿದ, ಪಂಚೆಯಲ್ಲಿ, ಹಾಡುಹಗಲು.
ಬಣ್ಣದವರು ನಕ್ಕರು. ಅವಳು ನಗಲಿಲ್ಲ.
ಎರಡನೆಯ ಸಲ ಎತ್ತುವಾಗ ಅವಳ ಕೈ ಇವನ ಕೈಯೇ ಆಗಿತ್ತು.
ಆ ತಿಂಗಳು ನಲವತ್ತನ್ನು ಹೊಡೆದು ಇಪ್ಪತ್ತೆರಡು ಬರೆದೆ.
ಮಂತ್ರಿ, ದೂತ, ಬಾಗಿಲು ಕಾಯುವವನು.
ಮೀಸೆ ಬಿಟ್ಟ. ಚೆನ್ನಾಗಿಯೇ ಇತ್ತು.

ಕಡೆಗೆ ಡೇರೆಯನ್ನು ಟಾಕೀಸಿನವರು ಕೊಂಡರು.
ಗೂಟ, ಹಗ್ಗ, ಬೆಂಚುಗಳ ಜೊತೆ ಅವನೂ ಹೋದ.
ತುಮಕೂರಿನ ಬೀದಿಗಳಲ್ಲಿ ಜಟಕಾದಲ್ಲಿ ಕೂತು
'ಇಂದೇ ನೋಡಿರಿ, ಕೊನೆಯ ಎರಡೇ ಆಟ' ಎಂದು ಕೂಗುವಾಗ
ಮಕ್ಕಳು ಹಿಂದೆ ಓಡುತ್ತಿದ್ದವು,
ಮುದುಕಿಯರು ಬಾಗಿಲಿಗೆ ಬಂದು ಸುಮ್ಮನೆ ನಿಲ್ಲುತ್ತಿದ್ದರು.
ಒಮ್ಮೆ ಸಂತೆಯಲ್ಲಿ ಕಂಡೆ. ಬದನೆಕಾಯಿ ಆರಿಸುತ್ತಿದ್ದ,
ಎರಡೇ ಬೆರಳಲ್ಲಿ ತೊಟ್ಟು ಹಿಡಿದು,
ಉದ್ಯಾನದ ಅಂಕದಲ್ಲಿ ಹೂ ಎತ್ತುತ್ತಿದ್ದ ಹಾಗೆ.
ಮಾತಾಡಿಸಬೇಕಿತ್ತು. ಮಾತಾಡಿಸಲಿಲ್ಲ.
ಕಂಪನಿ ಅವನಿಗೆ ಏಳು ತಿಂಗಳ ಸಂಬಳ ಕೊಡಬೇಕಿತ್ತು,
ಆ ಪುಟ ನನ್ನ ಕೈಬರಹ.

ಹೋದನಂತೆ. ತಿಳಿದದ್ದು ತಿಥಿಯೂ ಮುಗಿದ ಮೇಲೆ.

ನಿನ್ನೆ ಖಾತೆ ಬಗಲಲ್ಲಿಟ್ಟು ಮಂಡಿಪೇಟೆಗೆ ಹೋದೆ.
ಪದಕ ಕೂಗಿದವರ ಮೊಮ್ಮಗ ಗಲ್ಲಾದಲ್ಲಿದ್ದ.
ತಾರೀಖು ತೋರಿಸಿದೆ. ಓದಿದ. ಮತ್ತೆ ಓದಿದ.
ತಾತನ ಹೆಸರಿನ ಮೇಲೆ ಬೆರಳಿಟ್ಟುಕೊಂಡೇ
ಒಂದು ಅಚ್ಚು ಬೆಲ್ಲ ಕಾಗದದಲ್ಲಿ ಸುತ್ತಿಸಿದ.
ದುಡ್ಡು ಬೇಡವೆಂದ.

ಮುದ್ದರಂಗ ಇದ್ದಿದ್ದರೆ
ಬಸ್ ಸ್ಟ್ಯಾಂಡ್ ಮುಟ್ಟುವುದರೊಳಗೆ ಮುಗಿಸುತ್ತಿದ್ದ.

ಮನೆಗೆ ಬಂದು ಜಮಾ ಕಡೆ ಬರೆದೆ:
ಬೆಲ್ಲ, ಅಚ್ಚು ಒಂದು. ಬಾಕಿ ಎಂಟು.
ಶಿರಾ ಬಸ್ಸು ಬೆಳಿಗ್ಗೆ ಎಷ್ಟು ಹೊತ್ತಿಗೆ,
ಯಾರನ್ನಾದರೂ ಕೇಳಬೇಕು.